ಪಾಲಾರಿವಟ್ಟದಲ್ಲಿ ಕೂತು ದೋಣಿ ಕಾದದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಈಜು ಬರುವುದಿಲ್ಲ. ಕಡಲ ದಂಡೆಯಲ್ಲಿ ಹುಟ್ಟಿದವನು, ಉಡುಪಿ ಕಡೆಯ ಮೀನುಗಾರಿಕೆ ಬಂದರಿನಲ್ಲಿ ಅರ್ಧ ಆಯುಸ್ಸು ಕಳೆದವನು, ಆಮೇಲೆ ಕೆನಡಾದ ಕಾಡುಕೆರೆಗಳಲ್ಲಿ ಒಂಟಿಯಾಗಿ ದೋಣಿ ನಡೆಸುವವರ ಸುರಕ್ಷತೆಯ ಹೊಣೆ ಹೊತ್ತವನು. ಇಷ್ಟಾದರೂ ಮೊಣಕಾಲು ಮುಳುಗುವ ನೀರಿಗಿಂತ ಮುಂದೆ ನಾನು ಹೋದದ್ದಿಲ್ಲ. ಒಮ್ಮೆ ಮಾತ್ರ ಹೋಗಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊನ್ನೆ ಎರ್ನಾಕುಳಂನಲ್ಲಿ ಕನ್ನಡದವರೆಲ್ಲ ಸೇರಿದ್ದ ಒಂದು ಊಟದಲ್ಲಿ ಕಾಸರಗೋಡಿನ ಹುಡುಗಿಯೊಬ್ಬಳು ಸಿಕ್ಕಿದಳು. ನಾನು ಮಾಡುತ್ತಿದ್ದಂಥದೇ ಹೆಲ್ಪ್ ಡೆಸ್ಕ್ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಕೆಲಸ ಹೇಗುಂಟು ಅಂಕಲ್, ಎಂತ ಕಲಿಯಬೇಕು ಎಂದು ಕೇಳಿದಳು. ಬಾಯಿಯ ತುಂಬ ಪಾಯಸ ಇದ್ದದ್ದರಿಂದ ಒಳ್ಳೆಯದುಂಟು ಎಂದಷ್ಟೇ ಹೇಳಿ ತಪ್ಪಿಸಿಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಚಾರ ಮಾತ್ರ ಕೇಳಬೇಡಿ. ಸೇರಿದ ದಿನ ಕೂತ ಕುರ್ಚಿಯಲ್ಲೇ ನಿವೃತ್ತನಾದೆ. ನಡುವೆ ಒಮ್ಮೆ ಅದರ ಚಕ್ರ ಮುರಿದು ಬೇರೆ ಕುರ್ಚಿ ಕೊಟ್ಟರು, ಅದನ್ನೇ ಬಡ್ತಿ ಎಂದು ಹೆಂಡತಿಗೆ ಹೇಳಿದ್ದೆ.

ಬಂದರಿನಲ್ಲಿ ನಾನು ದೋಣಿ ಮಾಲೀಕರ ಸಂಘದ ವೈರ್‌ಲೆಸ್ ಕೋಣೆಯಲ್ಲಿದ್ದೆ. ಕಡಲಿಗೆ ಹೋದ ದೋಣಿಗಳ ಜೊತೆ ಮಾತಾಡುವುದು, ಗಾಳಿಯ ಸುದ್ದಿ ಮುಟ್ಟಿಸುವುದು, ಬರುವುದು ತಡವಾದರೆ ಮನೆಯವರಿಗೆ ಸಮಾಧಾನ ಹೇಳುವುದು ನನ್ನ ಕೆಲಸ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ದಂಡೆಗೆ ಹತ್ತಿರದಲ್ಲಿರುವ ದೋಣಿಯವರು ನೇರ ಹೆಂಡತಿಗೇ ಫೋನು ಮಾಡಿ ಮೀನಿನ ಲೆಕ್ಕ ಹೇಳತೊಡಗಿದರು. ನನ್ನ ಕೋಣೆಗೆ ಬೀಗ ಬಿತ್ತು. ಅದೇ ಹೊತ್ತಿಗೆ ಬ್ಯಾಂಕಿನಲ್ಲಿದ್ದ ನನ್ನ ಹೆಂಡತಿ ಸುಮತಿಗೆ ಕೊಚ್ಚಿಗೆ ವರ್ಗವಾಯಿತು. ಜನ ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ, ನಾನು ಹೆಂಡತಿಯ ಸೂಟ್‌ಕೇಸು ಹೊತ್ತುಕೊಂಡು ಊರು ಬಿಟ್ಟೆ.

ಪಾಲಾರಿವಟ್ಟದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಅವಳು ಬ್ಯಾಂಕಿಗೆ ಹೊರಟ ಮೇಲೆ ನಾನು ಬಾಲ್ಕನಿಯಲ್ಲಿ ನಿಂತು ಎಡಪ್ಪಳ್ಳಿ ಕಡೆಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದೆ. ಒಂದು ತಿಂಗಳು ಸಹಿಸಿದಳು. ಆಮೇಲೆ ಪತ್ರಿಕೆಯ ಜಾಹೀರಾತೊಂದನ್ನು ತಟ್ಟೆಯ ಪಕ್ಕದಲ್ಲಿಟ್ಟು, ಇವರಿಗೆ ವೈರ್‌ಲೆಸ್ ಗೊತ್ತಿದ್ದವರು ಬೇಕಂತೆ, ನಿಮ್ಮಂಥ ಮುದುಕರಾದರೂ ಅಡ್ಡಿಯಿಲ್ಲವಂತೆ ಎಂದಳು. ಮುದುಕ ಎಂಬ ಮಾತು ಜಾಹೀರಾತಿನಲ್ಲಿ ಇರಲಿಲ್ಲ.

ಆ ಕಂಪನಿಯ ಹೆಸರು ಬೇಡ. ತಿರುವನಂತಪುರದಲ್ಲಿ ಅದರ ದೊಡ್ಡ ಆಫೀಸು, ನಮ್ಮದು ಪಾಲಾರಿವಟ್ಟದ ಒಂದು ಜವಳಿ ಅಂಗಡಿಯ ಮೇಲಿನ ಮಹಡಿ. ಕೆಲಸ ಇಷ್ಟೇ. ಕೆನಡಾದ ಉತ್ತರ ಭಾಗದಲ್ಲಿ ಮನುಷ್ಯರಿಲ್ಲದ ಕಾಡಿನೊಳಗೆ ಲೆಕ್ಕವಿಲ್ಲದಷ್ಟು ಕೆರೆಗಳಿವೆ. ಬೇಸಿಗೆಯಲ್ಲಿ ಕೆಲವರು ಒಬ್ಬೊಬ್ಬರೇ ಸಣ್ಣ ದೋಣಿ ತೆಗೆದುಕೊಂಡು ವಾರಗಟ್ಟಲೆ ಅಲ್ಲಿ ತಿರುಗುತ್ತಾರೆ. ಪ್ರತಿ ಸಂಜೆ ಡೇರೆ ಹಾಕಿದ ಮೇಲೆ ಸ್ಯಾಟಲೈಟ್ ಫೋನಿನಲ್ಲಿ ನಮಗೆ ಕರೆ ಮಾಡಿ, ಬದುಕಿದ್ದೇನೆ, ಇಂಥ ಕಡೆ ಇದ್ದೇನೆ, ನಾಳೆ ಇಂಥ ಕಡೆ ಹೋಗುತ್ತೇನೆ ಎಂದು ಹೇಳಬೇಕು. ಅವರ ಸಂಜೆ ನಮಗೆ ಬೆಳಿಗ್ಗೆ. ಒಂದು ಸಂಜೆ ಕರೆ ತಪ್ಪಿದರೆ ಕಾಯಬೇಕು, ಮರುದಿನವೂ ತಪ್ಪಿದರೆ ಅಲ್ಲಿಯ ನೀರಿನ ಮೇಲೆ ಇಳಿಯುವ ವಿಮಾನದವರಿಗೆ ಸುದ್ದಿ ಕೊಟ್ಟು ಹುಡುಕಿಸಬೇಕು.

ಸಂದರ್ಶನ ಮಾಡಿದವಳು ಶೈನಿ ಎಂಬ ತ್ರಿಶ್ಶೂರಿನ ಹುಡುಗಿ, ನನ್ನ ಮಗಳಾಗುವ ಪ್ರಾಯ. ಆಮೇಲೆ ಅವಳೇ ನನ್ನ ಮೇಲಧಿಕಾರಿ. ನನ್ನ ಹೆಸರು ಸದಾಶಿವ. ಅವಳು ಅದಕ್ಕೊಂದು ನಕಾರ ಜೋಡಿಸಿ ಸದಾಶಿವನ್ ಚೇಟ್ಟನ್, ಅಂದರೆ ಸದಾಶಿವಣ್ಣ, ಮಾಡಿದಳು, ನಾನೂ ಒಪ್ಪಿಕೊಂಡೆ. ದೋಣಿಯ ಅನುಭವ ಇದೆಯಾ ಎಂದು ಕೇಳಿದಳು. ದೋಣಿಯಲ್ಲಿ ಕೂತರೆ ವಾಂತಿಯಾಗುತ್ತದೆ ಎಂದು ನಿಜವನ್ನೇ ಹೇಳಿದೆ. ಕರಕರ ಸದ್ದಿನ ನಡುವೆ ಮನುಷ್ಯನ ದನಿ ಹಿಡಿಯುತ್ತೀರಾ ಎಂದು ಒಂದು ಕ್ಯಾಸೆಟ್ಟು ಹಾಕಿದಳು. ಅದನ್ನು ಮಾತ್ರ ನಾನು ಅಕ್ಷರ ಬಿಡದೆ ಹಿಡಿದೆ. ಬಂದರಿನಲ್ಲಿ ಇಪ್ಪತ್ತು ದೋಣಿಯವರು ಒಟ್ಟಿಗೆ ಕೂಗಿದರೂ ಯಾರ ಇಂಜಿನು ಕೆಟ್ಟಿದೆ ಎಂದು ಹೇಳುತ್ತಿದ್ದ ಕಿವಿ ಇದು. ಅಷ್ಟಕ್ಕೇ ಕೆಲಸ ಸಿಕ್ಕಿತು.

ತರಬೇತಿಯಲ್ಲಿ ಗೊತ್ತಾದ ಮೊದಲ ವಿಷಯ ನನಗೆ ಹಿಡಿಸಲಿಲ್ಲ. ಒಂದು ಕೆರೆ ಮುಗಿದು ಇನ್ನೊಂದು ಕೆರೆ ಶುರುವಾಗುವ ನಡುವೆ ಕಾಡು ಇರುತ್ತದೆ. ಅಲ್ಲಿ ದೋಣಿಯನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯಬೇಕು. ನಮ್ಮಲ್ಲಿ ದೋಣಿ ಮನುಷ್ಯನನ್ನು ಹೊರುತ್ತದೆ, ಇದೆಂಥ ಉಪದ್ರ ಎಂದೆ. ಶೈನಿ ನಗದೆ ಮುಂದಿನ ಚಿತ್ರ ತೋರಿಸಿದಳು, ಅದು ಮೂಸ್. ನಮ್ಮ ಕಡವೆಯ ದೊಡ್ಡಪ್ಪ ಎನ್ನಬಹುದಾದ ಪ್ರಾಣಿ. ಕುದುರೆಗಿಂತ ಎತ್ತರ, ಕೊಂಬು ಎರಡೂ ಕೈ ಚಾಚಿದಷ್ಟು ಅಗಲ, ಮೂತಿ ಮಾತ್ರ ಯಾರೋ ಅವಸರದಲ್ಲಿ ಅಂಟಿಸಿದ ಹಾಗೆ. ನೀರಿನಲ್ಲಿ ನಿಂತು ಜೊಂಡು ತಿನ್ನುತ್ತದೆ. ತಿನ್ನುವುದು ಜೊಂಡು ಎಂಬಷ್ಟನ್ನೇ ನಾನು ನೆನಪಿಟ್ಟುಕೊಂಡೆ, ತೊಂದರೆಯಾದದ್ದು ಅಲ್ಲಿಂದ.

ಸೇರಿದ ಮೊದಲ ವಾರದಲ್ಲೇ ಒಬ್ಬ ಯುವಕನ ಕರೆ ಬಂತು. ಪಿಸುಮಾತಿನಲ್ಲಿ, ಡೇರೆಯ ಮುಂದೆ ಮೂಸ್ ನಿಂತಿದೆ, ಏನು ಮಾಡಲಿ ಎಂದು ಕೇಳಿದ. ನನಗೆ ಒಳ್ಳೆಯ ಉತ್ಸಾಹ. ಹೆದರಬೇಡಿ ಸರ್, ಅದು ಶುದ್ಧ ಸಸ್ಯಾಹಾರಿ, ಹೊರಗೆ ಬಂದು ಮೆಲ್ಲ ಓಡಿಸಿ ಎಂದು ಧೈರ್ಯ ಹೇಳಿದೆ. ಪಕ್ಕದಲ್ಲಿ ಕೇಳುತ್ತಿದ್ದ ಶೈನಿ ನನ್ನ ಹೆಡ್‌ಫೋನನ್ನು ಕಿವಿಸಮೇತ ಎಳೆದುಕೊಂಡಳು. ಅಲುಗಾಡಬೇಡ, ದೀಪ ಆರಿಸು, ಅದು ಹೋಗುವವರೆಗೆ ಉಸಿರು ಬಿಗಿಹಿಡಿದು ಕೂತಿರು ಎಂದು ಅವನಿಗೆ ಹೇಳಿದಳು. ಪುಣ್ಯಕ್ಕೆ ಅವನು ನನ್ನ ಇಂಗ್ಲಿಷಿನಲ್ಲಿ ಅರ್ಧವನ್ನೂ ಹಿಡಿದಿರಲಿಲ್ಲ. ಚೇಟ್ಟಾ, ನಮ್ಮ ಆನೆಯೂ ಸಸ್ಯಾಹಾರಿಯೇ, ತ್ರಿಶ್ಶೂರಿಗೆ ಬನ್ನಿ, ಮದ ಬಂದಾಗ ಮೆಲ್ಲ ಓಡಿಸಿ ತೋರಿಸಿ ಎಂದಳು ಶೈನಿ. ಅಂದಿನಿಂದ ಆಫೀಸಿನಲ್ಲಿ ಯಾರು ಊಟಕ್ಕೆ ಹೊರಟರೂ, ಹೆದರಬೇಡಿ, ಚೇಟ್ಟನ್ ಸಸ್ಯಾಹಾರಿ ಎನ್ನುವುದು ರೂಢಿಯಾಯಿತು. ನಾನು ಮೀನು ಇಲ್ಲದೆ ಊಟ ಮಾಡುವವನಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ನಮ್ಮ ಕಡೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕಾದರೆ, ದೂರ ಹೊರಟ್ರಾ ಎನ್ನಬೇಕು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ಹೂಂ ಎಂದು ನಡೆಯುತ್ತಾರೆ. ಬಂದರಿಗೆ ಸೇರಿದ ಹೊಸತರಲ್ಲಿ ನಾನು ಬಿಸಿರಕ್ತದ ಹುಡುಗ, ಮೂಢನಂಬಿಕೆ ಎಂದು ಭಾಷಣ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ದೋಣಿ ಹತ್ತುತ್ತಿದ್ದ ಒಬ್ಬ ತಂಡೇಲನನ್ನು, ದೋಣಿ ನಡೆಸುವ ಹಿರಿಯನನ್ನು, ಬೇಕೆಂದೇ ಎಲ್ಲಿಗೆ ಎಂದು ಕೇಳಿದೆ. ಅವನು ಒಂದು ಮಾತೂ ಆಡದೆ ಇಳಿದು ಕಾಲು ತೊಳೆದು ಮನೆಗೆ ಹೋದ. ಅವನ ದೋಣಿಯವರೆಲ್ಲ ಹಿಂದೆಯೇ ಹೋದರು. ಆ ದಿನ ಉಳಿದ ದೋಣಿಗಳಿಗೆಲ್ಲ ಬಂಗುಡೆ ಬುಟ್ಟಿಗಟ್ಟಲೆ ಸಿಕ್ಕಿತು. ಸಂಜೆ ಆ ದೋಣಿಯವರ ಹೆಂಗಸರು ನನ್ನ ಕೋಣೆಯ ಬಾಗಿಲಿಗೆ ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆಮೇಲೆ ಆ ಪ್ರಶ್ನೆ ನನ್ನ ನಾಲಿಗೆಗೆ ಬರಲೇ ಇಲ್ಲ.

ಕೊಚ್ಚಿಯಲ್ಲಿ ಅದಕ್ಕೊಂದು ಸಾಕ್ಷಿಯೂ ಸಿಕ್ಕಿತು. ದೋಣಿಯಲ್ಲಿ ಒಂಟಿಯಾಗಿ ಕೂರುವುದು ಏನೆಂದು ಎಲ್ಲರೂ ತಿಳಿಯಬೇಕು ಎಂದು ತಿರುವನಂತಪುರದಿಂದ ಆಜ್ಞೆ ಬಂದು, ಒಂದು ಭಾನುವಾರ ನಮ್ಮನ್ನು ಊರ ಹೊರಗಿನ ಕಾಯಲಿಗೆ, ಅಂದರೆ ಹಿನ್ನೀರಿಗೆ, ಕರೆದೊಯ್ದರು. ಸುಮತಿಗೆ ಬಹಳ ಖುಷಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ, ಹೋಗಿ ಬನ್ನಿ ಎಂದು ಕಳಿಸಿದಳು. ಲೈಫ್ ಜಾಕೆಟ್ಟು ನನ್ನ ಹೊಟ್ಟೆಗೆ ಸಾಲದೆ ಹಗ್ಗದಿಂದ ಬಿಗಿದರು. ಹುಟ್ಟು ಎಡಕ್ಕೆ ಹಾಕಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂದು ಗೊತ್ತಿತ್ತು, ಎಷ್ಟು ಹೋಗುತ್ತದೆ ಎಂದು ಗೊತ್ತಿರಲಿಲ್ಲ. ನಾನು ಹೊರಟ ಜಾಗದಲ್ಲೇ ಗಿರಗಿರನೆ ತಿರುಗತೊಡಗಿದೆ. ನೀರೇ ಸರಿಯಿಲ್ಲ, ಸುಳಿ ಇದೆ ಎಂದು ಕೂಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ದಂಡೆಯಲ್ಲಿ ಸಿಗಡಿ ಸುಲಿಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬಳು, ಚೇಟ್ಟಾ, ಎಲ್ಲಿಗೆ ಹೊರಟಿರಿ ಎಂದು ಮಲಯಾಳದಲ್ಲಿ ಕೇಳಿದಳು. ಅದನ್ನು ಕೇಳಿ ನಾನು ಗಾಬರಿಯಿಂದ ತಿರುಗಿ ನೋಡಿದೆ, ದೋಣಿ ಮಗುಚಿತು. ನೀರು ಸೊಂಟದವರೆಗೆ ಮಾತ್ರ ಇತ್ತು. ಅದು ತಿಳಿಯುವ ಮೊದಲು ನಾನು ಕುಲದೇವರಿಂದ ಹಿಡಿದು ಶೈನಿಯ ತನಕ ಎಲ್ಲರನ್ನೂ ಕೂಗಿ ಆಗಿತ್ತು.

ಹೀಗಾಗಿ ನಮ್ಮ ಕರೆಯಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ, ನಾಳೆ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು, ನಾನು ಕೇಳುತ್ತಿರಲಿಲ್ಲ. ದೂರ ಹೋಗುತ್ತಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಹೆಚ್ಚಿನವರು ತಾವಾಗಿಯೇ ಕೆರೆಯ ಹೆಸರು ಹೇಳುತ್ತಿದ್ದರು. ಹೇಳದವರಿಗೆ, ಅವರು ಮೊದಲೇ ಕೊಟ್ಟ ದಾರಿಯ ಪ್ರಕಾರ ಮುಂದಿನ ಕೆರೆಯನ್ನು ನಾನೇ ತುಂಬುತ್ತಿದ್ದೆ. ಎರಡು ಬೇಸಿಗೆ ಯಾರಿಗೂ ಗೊತ್ತಾಗಲಿಲ್ಲ. ಸುಮತಿಗೆ ಗೊತ್ತಿತ್ತು, ಅವಳಿಗೆ ನಗು. ಕೆನಡಾದವರಿಗೂ ನಮ್ಮ ಶಾಸ್ತ್ರ ತಾಗುತ್ತದಾ ಮಾರಾಯ್ರೆ ಎಂದು ಕೇಳಿದಳು. ನೀರು ಎಲ್ಲಿಯದಾದರೂ ನೀರೇ ಅಲ್ಲವಾ ಎಂದೆ. ದೊಡ್ಡ ಮಾತಾಡಿದೆ ಎಂದು ನನಗೇ ಹೆಮ್ಮೆಯಾಯಿತು.

ಮೂರನೆಯ ಬೇಸಿಗೆಯಲ್ಲಿ ಹೆಲೆನ್ ಬಂದರು. ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತು ಸಮೀಪಿಸಿತ್ತು. ಗಂಡ ಬದುಕಿದ್ದಾಗ ಇಬ್ಬರೂ ಒಂದೇ ದೋಣಿಯಲ್ಲಿ ಹೋಗುತ್ತಿದ್ದರಂತೆ. ಈಗ ಒಬ್ಬರೇ. ಕರೆಯನ್ನು ಚುಟುಕಾಗಿ ಮುಗಿಸಬೇಕೆಂಬ ನಿಯಮ ನಮಗಿತ್ತು, ಅದನ್ನು ನಾವಿಬ್ಬರೂ ಪಾಲಿಸಲಿಲ್ಲ. ಅವರು ಸಂಜೆಯ ಗಾಳಿ, ಸೊಳ್ಳೆ, ಮೊಣಕಾಲಿನ ನೋವು ಎಲ್ಲ ಹೇಳುತ್ತಿದ್ದರು. ನಾನು ಬಂಗುಡೆ ಗಸಿಗೆ ಹುಳಿ ಎಷ್ಟು ಹಾಕಬೇಕು ಎಂದು ಹೇಳುತ್ತಿದ್ದೆ, ಆ ಕಾಡಿನಲ್ಲಿ ಅವರಿಗೆ ಹುಣಸೆ ಎಲ್ಲಿಂದ ಬರಬೇಕು. ಆ ಕೆರೆಗಳ ಇಂಗ್ಲಿಷ್ ಹೆಸರುಗಳು ನನ್ನ ಬಾಯಿಗೆ ಹೊರಳದೆ, ಗೋಡೆಯ ನಕ್ಷೆಯಲ್ಲಿ ನಾನು ಅವಕ್ಕೆಲ್ಲ ಕನ್ನಡದ ಹೆಸರಿಟ್ಟುಕೊಂಡಿದ್ದೆ. ಶೈನಿ ಇಲ್ಲದಾಗ ಹೆಲೆನ್ ಅವುಗಳನ್ನು ಕೇಳಿ ತಿಳಿದು ಉಚ್ಚರಿಸಲು ನೋಡುತ್ತಿದ್ದರು.

ಅವರ ದಾರಿಯ ನಡುವೆ ನಾನು ಕವಲುಕೆರೆ ಎಂದು ಕರೆಯುತ್ತಿದ್ದ ಕೆರೆ ಬರುತ್ತದೆ. ಅಲ್ಲಿಂದ ಪೂರ್ವಕ್ಕೆ ಹೋದರೆ ದೊಡ್ಡ ಸುತ್ತು, ದೋಣಿ ಹೊರುವ ಜಾಗಗಳು ಹಲವು. ದಕ್ಷಿಣಕ್ಕೆ ಹೋದರೆ ರಸ್ತೆ ಸಿಗುವ ಹತ್ತಿರದ ದಾರಿ. ಅಲ್ಲಿ ತಲುಪಿದ ಮೇಲೆ ಮೊಣಕಾಲನ್ನು ಕೇಳಿ ತೀರ್ಮಾನಿಸುತ್ತೇನೆ ಎಂದು ಅವರು ಮೊದಲೇ ತಿಳಿಸಿದ್ದರು. ಅವರು ಕವಲುಕೆರೆಯಿಂದ ಕರೆ ಮಾಡಿದ ಬೆಳಿಗ್ಗೆ ನಾನು ಎಂದಿನಂತೆ, ನಾಳೆ ದೂರ ಹೋಗುತ್ತೀರಾ ಎಂದೆ. ಸಾಕಷ್ಟು ದೂರ ಎಂದು ನಕ್ಕರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಆ ಉತ್ತರ ಕೇಳಿ ನಾನೂ ನಕ್ಕೆ. ಒಳ್ಳೆಯದಾಗಲಿ ಮೇಡಂ ಎಂದು ಫೋನಿಟ್ಟೆ.

ಮರುದಿನ ಕರೆ ಬರಲಿಲ್ಲ. ಮೋಡ ಇರಬಹುದು, ಬ್ಯಾಟರಿ ಮುಗಿದಿರಬಹುದು, ಹಾಗೆ ಆಗುವುದುಂಟು. ಅದರ ಮರುದಿನವೂ ಬರಲಿಲ್ಲ. ಹೊತ್ತು ಮೀರುವವರೆಗೆ ಕಾದೆ. ವಿಮಾನದ ಆಫೀಸಿಗೆ ಫೋನು ಮಾಡಿದೆ. ಅಲ್ಲಿದ್ದವನು ತಾಳ್ಮೆಯ ಮನುಷ್ಯ. ನಮ್ಮಲ್ಲಿ ಈಗ ಕತ್ತಲಾಗುತ್ತಿದೆ, ಬೆಳಗಾದ ಕೂಡಲೇ ಹೊರಡುತ್ತೇವೆ ಎಂದ. ಕಾಡಿಗೆ ಬೆಂಕಿ ಬಿದ್ದಿದೆ, ಹೊಗೆ ಈ ಕಡೆಗೇ ತಿರುಗುತ್ತಿದೆ, ನಾಳೆ ಸ್ವಲ್ಪ ಹೊತ್ತು ಮಾತ್ರ ಹಾರಬಹುದು, ಆಮೇಲೆ ಎಷ್ಟು ದಿನ ಕಾಯಬೇಕೋ ಗೊತ್ತಿಲ್ಲ ಎಂದ. ಕೊನೆಗೆ ಕೇಳಿದ:

"ಅವರು ಎಲ್ಲಿಗೆ ಹೊರಟಿದ್ದರು?"

"ಗೊತ್ತಿಲ್ಲ."

"ನೀವು ಕೇಳಲಿಲ್ಲವೇ?"

"ಕೇಳಲಿಲ್ಲ. ನಮ್ಮಲ್ಲಿ ಕೇಳುವುದಿಲ್ಲ."

ಅವನು ಬೈದಿದ್ದರೆ ಒಳ್ಳೆಯದಿತ್ತು. ಗೊತ್ತಿರುವುದನ್ನು ಹೇಳಿ ಎಂದ. ಕೊನೆಯ ಕರೆ ಬಂದ ಜಾಗ, ಕವಲುಕೆರೆಯ ಉತ್ತರದ ದಂಡೆಯ ದೊಡ್ಡ ಬಂಡೆ, ಅದರ ಅಕ್ಷಾಂಶ ರೇಖಾಂಶ ಎಲ್ಲ ಕೊಟ್ಟೆ. ಹಾಗಾದರೆ ಅಲ್ಲಿಂದಲೇ ಶುರು ಮಾಡುತ್ತೇವೆ, ಬೇರೆ ದಾರಿಯಿಲ್ಲವಲ್ಲ ಎಂದು ಫೋನಿಟ್ಟ.

ಶೈನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಳೆಯ ಕರೆಗಳನ್ನು ಹಾಕಿ ಕೇಳಿದಳು. ಎರಡು ಬೇಸಿಗೆಯ ನನ್ನ ಗುಟ್ಟು ಅರ್ಧ ಗಂಟೆಯಲ್ಲಿ ಹೊರಬಿತ್ತು. ಅವಳು ಕೂಗಾಡಲಿಲ್ಲ, ಅವಳ ಮುಖ ಮಾತ್ರ ಬಿಳಚಿಕೊಂಡಿತು. ತಿರುವನಂತಪುರಕ್ಕೆ ಹೇಳಲೇಬೇಕು ಚೇಟ್ಟಾ ಎಂದಳು. ಹೇಳಮ್ಮ ಎಂದೆ. ನನ್ನ ಕೆಲಸ ಹೋಗುವುದು ನಿಶ್ಚಯವಾಗಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅದು ನನಗೆ ಏನೂ ಅನ್ನಿಸಲಿಲ್ಲ. ಎಪ್ಪತ್ತರ ಹೆಂಗಸು ಆ ಚಳಿಯಲ್ಲಿ, ಆ ಹೊಗೆಯಲ್ಲಿ, ಯಾವ ದಿಕ್ಕಿನಲ್ಲಿ ಬಿದ್ದಿದ್ದಾರೋ. ನನ್ನ ಒಂದು ಹಾಳು ಶಾಸ್ತ್ರಕ್ಕಾಗಿ ಅವರು ಸತ್ತರೆ ನಾನು ಯಾವ ದೇವರ ಮುಂದೆ ನಿಲ್ಲಲಿ? ಶೌಚಾಲಯಕ್ಕೆ ಹೋಗಿ ಅತ್ತುಬಂದೆ. ಹಿಂತಿರುಗಿದಾಗ ಯಾರೂ ಸಸ್ಯಾಹಾರಿಯ ತಮಾಷೆ ಮಾಡಲಿಲ್ಲ, ಅದರಿಂದ ಇನ್ನೂ ಹೆಚ್ಚು ಅಳು ಬಂತು.

ಅವರ ಬೆಳಗು ನಮ್ಮ ಸಂಜೆ. ಪಾಳಿ ಮುಗಿದರೂ ನಾನು ಏಳಲಿಲ್ಲ. ಬ್ಯಾಂಕು ಮುಗಿಸಿದ ಸುಮತಿ ನೇರ ಆಫೀಸಿಗೆ ಬಂದಳು. ಶೈನಿ ಅವಳಿಗೆ ಫೋನು ಮಾಡಿದ್ದಳಂತೆ. ಬೈಯುತ್ತಾಳೆ ಎಂದುಕೊಂಡೆ. ಪಕ್ಕದ ಕುರ್ಚಿ ಎಳೆದು ಕೂತು, ಪಳಂಪೊರಿಯ, ಅಂದರೆ ಬಾಳೆಹಣ್ಣಿನ ಪೋಡಿಯ, ಪೊಟ್ಟಣ ಮುಂದಿಟ್ಟಳು. ನಾನು ಮುಟ್ಟಲಿಲ್ಲ. ತುಸು ಹೊತ್ತು ಬಿಟ್ಟು ಮೆಲ್ಲಗೆ ಹೇಳಿದಳು:

"ನೀವು ಕೆಟ್ಟದಾಗಲಿ ಅಂತ ಕೇಳದೆ ಇದ್ದದ್ದಲ್ಲ ಅಲ್ವಾ. ಅವರು ಸಿಗ್ತಾರೆ. ಸಿಗದಿದ್ರೆ ಎಂತ ಮಾಡುದು ಅಂತ ಆಗ ನೋಡುವ, ಈಗ ಬೇಡ."

ಕೆಳಗೆ ಜವಳಿ ಅಂಗಡಿಯಲ್ಲಿ ದೀಪ ಹತ್ತಿಸುವ ಹೊತ್ತಿಗೆ ಫೋನು ಬಂತು. ವಿಮಾನದವನದಲ್ಲ. ಕರಕರ ಸದ್ದು, ಅದರ ನಡುವೆ ಒಣಗಿದ ಒಂದು ದನಿ. ಬೇರೆ ಯಾರಿಗೂ ಅದು ಅರ್ಥವಾಗುತ್ತಿರಲಿಲ್ಲ, ನನಗೆ ಅರ್ಥವಾಯಿತು. ಹೆಲೆನ್. ನಾನು ಎದ್ದು ನಿಂತೆ.

ಆದದ್ದು ಇಷ್ಟು. ನನ್ನ ಜೊತೆ ಮಾತಾಡಿದ ಮರುದಿನ ಬೆಳಿಗ್ಗೆ ಅವರು ಡೇರೆ ಬಿಚ್ಚಿ, ಚೀಲ, ತಿಂಡಿ, ಫೋನು ಎಲ್ಲವನ್ನೂ ದೋಣಿಗೆ ತುಂಬಿ, ಹೊರಡುವ ಮೊದಲು ಬಹಿರ್ದೆಸೆಗೆಂದು ಬಂಡೆಯ ಹಿಂದೆ ಹೋದರು. ಬರುವಾಗ ದೋಣಿಗೂ ಅವರಿಗೂ ನಡುವೆ ಒಂದು ತಾಯಿ ಮೂಸ್ ಮತ್ತು ಅದರ ಮರಿ. ಇವರು ಒಂದು ಹೆಜ್ಜೆ ಇಟ್ಟರೆ ತಾಯಿ ಕಿವಿ ಹಿಂದಕ್ಕೆ ಮಡಚಿ ನುಗ್ಗುತ್ತಿತ್ತು. ಬಂಡೆ ಹತ್ತುವಾಗ ಮೊಣಕಾಲು ತಿರುಚಿಕೊಂಡಿತು. ಮರಿ ಅಲ್ಲೇ ಜೊಂಡಿನಲ್ಲಿ ಮಲಗಿತು, ತಾಯಿ ಅಲ್ಲೇ ಮೇಯತೊಡಗಿತು. ಕಣ್ಣೆದುರು ದೋಣಿ, ದೋಣಿಯೊಳಗೆ ಫೋನು. ಬಂಡೆಯ ಸಂದಿನ ಮಳೆನೀರು, ಪೊದೆಯ ನಾಲ್ಕು ಹಣ್ಣು, ಮೈಮೇಲೆ ಒಂದು ತೆಳು ಅಂಗಿ. ಮೂರನೆಯ ಬೆಳಗು ವಿಮಾನ ಬಂದು ನೀರಿಗಿಳಿದ ಸದ್ದಿಗೆ ತಾಯಿ ಮರಿ ಎರಡೂ ಕಾಡು ಸೇರಿದವು. ಇನ್ನೊಂದು ರಾತ್ರಿಯಾಗಿದ್ದರೆ ಈ ಹೆಂಗಸು ಚಳಿಗೆ ಉಳಿಯುತ್ತಿರಲಿಲ್ಲ ಎಂದು ವಿಮಾನದವನು ಶೈನಿಗೆ ಹೇಳಿದನಂತೆ. ಅವರು ಹಾರಿದ ಮೇಲೆ ಹೊಗೆ ಇಡೀ ಪ್ರದೇಶವನ್ನು ಮುಚ್ಚಿತು, ಆ ವಾರವಿಡೀ ವಿಮಾನ ಏಳಲಿಲ್ಲ.

ನಾನು ಬೆಳಗಿನಿಂದ ಒಂದು ಕ್ಷಮಾಪಣೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಟ್ಟಿದ್ದೆ. ಬಾಯಿಗೆ ಬಂದದ್ದು ಬೇರೆ. ಮೇಡಂ, ನೀವು ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿಯೇಬಿಟ್ಟೆ. ಪೂರ್ವಕ್ಕೆ, ದೊಡ್ಡ ಸುತ್ತಿಗೆ, ಮೊಣಕಾಲು ಬೇಡವೆಂದಿತು, ನಾನು ಕೇಳಲಿಲ್ಲ ಎಂದರು. ಅಷ್ಟು ಹೇಳಿ, ನೀವು ಊಟ ಮಾಡಿಲ್ಲ ಅಲ್ಲವೇ, ದನಿಯಲ್ಲೇ ಗೊತ್ತಾಗುತ್ತದೆ, ಹೋಗಿ ಏನಾದರೂ ತಿನ್ನಿ ಎಂದರು. ಎರಡು ರಾತ್ರಿ ಬಂಡೆಯ ಮೇಲೆ ಕೂತವರು ನನಗೆ ಹೇಳಿದ ಮಾತು ಇದು. ನಾನು ಹೆಡ್‌ಫೋನನ್ನು ಶೈನಿಗೆ ಕೊಟ್ಟು ಪಳಂಪೊರಿ ತಿಂದೆ. ತಣ್ಣಗಾಗಿ ರಬ್ಬರಾಗಿತ್ತು, ಪೊಟ್ಟಣದಲ್ಲಿದ್ದ ಎರಡನ್ನೂ ತಿಂದೆ.

ವಿಚಾರಣೆಗೆ ತಿರುವನಂತಪುರದಿಂದ ಕರೆ ಬಂತು. ಬೆಳಗಿನ ರೈಲು ಹಿಡಿದು ಹೋಗಿ ತಂಪಾನೂರು ನಿಲ್ದಾಣದಲ್ಲಿ ಇಳಿದು, ಎದುರಿನ ಹೋಟೆಲಿನಲ್ಲಿ ಅಪ್ಪಂ ತಿನ್ನಲು ಕೂತೆ, ಅರ್ಧ ಬಿಟ್ಟು ಎದ್ದೆ. ನಮ್ಮ ದೊಡ್ಡ ಸಾಹೇಬರು ನಾಯರ್ ಎಂದು, ಮೊದಲು ಸೈನ್ಯದಲ್ಲಿದ್ದವರು, ಮಾತು ಕಡಿಮೆ. ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೇಳದೆ ಇದ್ದದ್ದು ತಪ್ಪು ಹೌದೋ ಅಲ್ಲವೋ ಎಂದರು. ಹೌದು ಸರ್ ಎಂದೆ. ಕೇಳಿದ್ದರೆ ಅವರು ಪೂರ್ವ ಎನ್ನುತ್ತಿದ್ದರು, ವಿಮಾನದವರ ರೂಢಿ ತಲುಪಬೇಕಾದ ಜಾಗಕ್ಕೆ ಮೊದಲು ಹೋಗಿ ಅಲ್ಲಿಂದ ಹಿಂದಕ್ಕೆ ಹುಡುಕುವುದು, ಅಷ್ಟರಲ್ಲಿ ಹೊಗೆ ಮುಚ್ಚುತ್ತಿತ್ತು, ಹೌದೋ ಅಲ್ಲವೋ ಎಂದರು. ಅದೂ ಹೌದು ಸರ್ ಎಂದೆ.

"ಹಾಗಾದರೆ ನಿಮ್ಮನ್ನು ತೆಗೆದುಹಾಕಲಾ, ಸನ್ಮಾನ ಮಾಡಲಾ?"

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಸರ್, ಅದರಲ್ಲಿ ಕಾಗೆಯ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ನನಗೆ ಬರುವ ಮಲಯಾಳದಲ್ಲಿ ಹೇಳಿದೆ. ಅವರು ಮೊದಲ ಸಲ ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರ ಅಮ್ಮನೂ ಹಾಗೆಯೇ ಅಂತೆ. ಹೊರಟವರನ್ನು ಹಿಂದಿನಿಂದ ಕರೆಯುವ ಹಾಗಿಲ್ಲ. ಸೈನ್ಯದಿಂದ ರಜೆಗೆ ಬಂದಾಗಲೂ ಯಾರಾದರೂ ಹಿಂದಿನಿಂದ ಕರೆದರೆ ಸಾಹೇಬರು ಒಳಗೆ ಬಂದು ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕಿತ್ತಂತೆ. ಈಗಲೂ ಹಾಗೆಯೇ ಮಾಡುತ್ತೇನೆ, ಯಾರಿಗೂ ಹೇಳಬೇಡಿ ಎಂದರು. ಇಷ್ಟು ವರ್ಷ ಹೇಳಿರಲಿಲ್ಲ, ಅವರೂ ಈಗ ನಿವೃತ್ತರು, ಅಡ್ಡಿಯಿಲ್ಲ.

ಬೀಸುವ ದೊಣ್ಣೆ ತಪ್ಪಿತು. ಆದರೆ ಪ್ರಶ್ನೆಯನ್ನು ಬಿಡುವ ಹಾಗಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಎಲ್ಲ ಸಲವೂ ಮೂಸ್ ಬಂದು ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗೆ ಇಬ್ಬರೂ ಕೂತು ಒಂದು ಉಪಾಯ ಹುಡುಕಿದೆವು. ಕರೆಯ ಕೊನೆಗೆ, ಹೊರಟು ನಿಂತ ಹಾಗಿರುವಾಗ ಕೇಳಿದರೆ ತಾನೇ ದೋಷ? ಕರೆಯ ಆರಂಭದಲ್ಲೇ, ಅವರು ಇನ್ನೂ ಕೂತಿರುವಾಗಲೇ ಕೇಳಿಬಿಟ್ಟರಾಯಿತು. ಮುಂದಿನ ತಿಂಗಳು ಕಂಪನಿಯ ಕೈಪಿಡಿಯಲ್ಲಿ ಹೊಸ ನಿಯಮ ಬಂತು: ಸ್ಯಾಟಲೈಟ್ ಕರೆ ಯಾವಾಗ ಬೇಕಾದರೂ ಕಡಿದುಹೋಗಬಹುದು, ಆದ್ದರಿಂದ ನಾಳೆಯ ಗುರಿಯನ್ನು ಮೊದಲು ಕೇಳತಕ್ಕದ್ದು. ಎಷ್ಟು ಒಳ್ಳೆಯ ಕಾರಣ ನೋಡಿ. ಈಗ ಈ ಕೆಲಸಕ್ಕೆ ಸೇರುವವರೆಲ್ಲ ಅದನ್ನು ವಿಜ್ಞಾನ ಎಂದು ಕಲಿಯುತ್ತಾರೆ. ಕಲಿಯಿರಿ, ಪಾಲಿಸಿ, ನಿಯಮ ಒಳ್ಳೆಯದೇ. ಅದು ಹುಟ್ಟಿದ್ದು ಮಾತ್ರ ಉಡುಪಿಯ ಒಬ್ಬ ಪುಕ್ಕಲನೂ ತಿರುವನಂತಪುರದ ಒಬ್ಬ ಮಾಜಿ ಸೈನಿಕನೂ ಸೇರಿ ಅಪಶಕುನ ತಪ್ಪಿಸುವುದಕ್ಕೆ.

ಮರುವರ್ಷ ಬೇಸಿಗೆ ಶುರುವಾಗುವ ಮೊದಲು ಶೈನಿ ನನ್ನನ್ನು ಕರೆದಳು. ಹೆಲೆನ್ ಮತ್ತೆ ಹೊರಟಿದ್ದಾರೆ, ಅದೇ ಕವಲುಕೆರೆ, ಅದೇ ಪೂರ್ವದ ಸುತ್ತು, ಮೊಣಕಾಲಿಗೆ ಆಪರೇಷನ್ ಆಗಿದೆಯಂತೆ ಎಂದಳು. ಅವರ ಕರೆಗಳನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ಮ್ಯಾನೇಜ್‌ಮೆಂಟು ತೀರ್ಮಾನಿಸಿತ್ತು, ಅದು ನ್ಯಾಯವೇ. ಹೆಲೆನ್ ಒಪ್ಪಲಿಲ್ಲವಂತೆ. ಆ ಕೇಳದೆ ಇರುವ ಮನುಷ್ಯನೇ ಬೇಕು ಎಂದು ಹಟ ಹಿಡಿದರಂತೆ.

ಮೊದಲ ಕರೆ ಬಂದಾಗ ಕಾರಣ ಕೇಳಿದೆ.

"ಗಂಡ ತೀರಿಕೊಂಡ ಮೇಲೆ ಎಲ್ಲರೂ ನನ್ನನ್ನು ಅದನ್ನೇ ಕೇಳುತ್ತಾರೆ, ಸದಾ. ಮಕ್ಕಳು, ಡಾಕ್ಟರು, ಪಕ್ಕದ ಮನೆಯವರು. ಈ ವಯಸ್ಸಿನಲ್ಲಿ, ಒಬ್ಬಳೇ, ಎಲ್ಲಿಗೆ ಹೊರಟೆ? ನೀವೊಬ್ಬರು ನಾನು ಹೋಗುತ್ತೇನೆ ಎಂದು ಒಪ್ಪಿಕೊಂಡು ಮಾತಾಡಿದಿರಿ."

ಪಕ್ಕದಲ್ಲಿ ಶೈನಿ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು, ಎದುರಿನ ಗೋಡೆಯಲ್ಲಿ ಹೊಸ ನಿಯಮ ದಪ್ಪ ಅಕ್ಷರದಲ್ಲಿತ್ತು. ಮೇಡಂ, ಈಗ ನಾನೂ ಕೇಳಲೇಬೇಕು, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ, ನೀವು ಕಳೆದುಹೋದರೆ ನನಗೆ ತಡೆಯಲಾಗುವುದಿಲ್ಲ, ಎರಡೂ ನಿಜ ಎಂದು ಹೇಳಿದೆ. ಅವರಿಗೆ ನಗು ಬಂತು. ಯೋಚಿಸುತ್ತೇನೆ ಎಂದು ಫೋನಿಟ್ಟರು. ಅಂದು ನಾನು ಕೇಳುವುದನ್ನು ಮರೆತದ್ದು ಶೈನಿಗೆ ಗೊತ್ತಾಯಿತು, ಅವಳು ಕಿಟಕಿಯ ಕಡೆ ನೋಡಿದಳು.

ಮರುದಿನ ಬೆಳಿಗ್ಗೆ ಫೋನು ಬಂತು. ನಾನು ಬಾಯಿ ತೆರೆಯುವ ಮೊದಲೇ, ಹಲೋ ಎನ್ನುವುದಕ್ಕೂ ಮೊದಲೇ, ಆ ಕರಕರದ ನಡುವೆ ಹೆಲೆನ್ ಮರುದಿನದ ಕೆರೆಯ ಹೆಸರು ಹೇಳಿದರು. ಇಂಗ್ಲಿಷಿನದಲ್ಲ, ನಾನಿಟ್ಟ ಕನ್ನಡದ ಹೆಸರನ್ನು, ಅರ್ಧ ಮುರಿದು. ಆ ಬೇಸಿಗೆಯೆಲ್ಲ ಹಾಗೆಯೇ ನಡೆಯಿತು. ನಾನು ಒಂದು ದಿನವೂ ಕೇಳಲಿಲ್ಲ, ಅವರು ಒಂದು ದಿನವೂ ಹೇಳದೆ ಹೋಗಲಿಲ್ಲ.